ಬೋರಲು ಕರಟದ ಲೆಕ್ಕ

ಮತ್ತೆ ಬಾಯಿ ಹಾಕಿದೆಯಾ? ಇದು ಮೂರನೇ ಸಲ. “ಹಿಂದೆ ಒಂದು ಕಾಲದಲ್ಲಿ” ಅಂತ ಶುರು ಮಾಡಿದರೆ “ಯಾವ ಕಾಲ?” ಅಂತೀಯ. “ಒಂದು ರಾಜ್ಯದಲ್ಲಿ” ಅಂದರೆ “ಅದು ಯಾವ ಜಿಲ್ಲೆ?” ಅಂತೀಯ. ನಿನ್ನ ಪ್ರಶ್ನೆಗೆಲ್ಲ ಉತ್ತರ ಕೊಡುತ್ತ ಕೂತರೆ ರಾಜನೂ ಮುದುಕನಾಗುತ್ತಾನೆ, ಒಲೆಯ ಮೇಲಿನ ಹಾಲೂ ಉಕ್ಕುತ್ತದೆ. ಪೆನ್ಸಿಲ್ ಕೆಳಗಿಡು. ಲೆಕ್ಕದ ಪುಸ್ತಕ ಮುಚ್ಚು. ‘ಒಂದು ಸಂಖ್ಯೆಗೆ ಮೂರನ್ನು ಸೇರಿಸಿ ಎರಡರಿಂದ ಗುಣಿಸು’ ಅನ್ನುವುದನ್ನು ಗುರುತಿನಲ್ಲಿ ಹೇಗೆ ಬರೆಯಬೇಕು ಅಂತ ತಾನೇ ನಿನ್ನ ಗೋಳು? ಕತೆ ಮುಗಿಯಲಿ, ನೀನೇ ಬರೆಯುತ್ತೀಯ. ಈಗ ಕೇಳು.

ನಿನ್ನ ಅಜ್ಜಿಯ ಅಜ್ಜಿಗೆ ಹಾಲುಹಲ್ಲು ಬರುವುದಕ್ಕೂ ಬಹಳ ಮುಂಚೆ ಅಂಬಲಿದುರ್ಗ ಎಂಬ ರಾಜ್ಯವಿತ್ತು. ಅದನ್ನು ಕೆಂಚರಸ ಎಂಬ ರಾಜ ಆಳುತ್ತಿದ್ದ. ಕೆಟ್ಟವನಲ್ಲ. ಊಟದ ಹೊತ್ತಿಗೆ ಸರಿಯಾಗಿ ಬರುತ್ತಿದ್ದ, ಉಂಡು ಎದ್ದು ಹೋಗುತ್ತಿದ್ದ. ರಾಜರಲ್ಲಿ ಇಷ್ಟಿದ್ದರೆ ಸಾಕು.

ಆ ರಾಜ್ಯದಲ್ಲಿ ಎರಡು ಕಟ್ಟಳೆಗಳಿದ್ದವು. ಉಣ್ಣಲು ಬಂದು ಕುಳಿತವನನ್ನು, ಅವನು ಎಂಥವನೇ ಆಗಿರಲಿ, ಎಲೆಯಿಂದ ಎಬ್ಬಿಸಬಾರದು. ಇದು ಒಂದು. ಮನುಷ್ಯರನ್ನು ಎಣಿಸಬಾರದು. ಇದು ಇನ್ನೊಂದು. ಕುರಿ ಎಣಿಸಬಹುದು, ಕುಂಬಳಕಾಯಿ ಎಣಿಸಬಹುದು, ಕಡುಬು ಎಣಿಸಬಹುದು. ಮನೆಯಲ್ಲಿ ಎಷ್ಟು ಜನ, ಪಂಕ್ತಿಯಲ್ಲಿ ಎಷ್ಟು ಜನ ಎಂದು ಮಾತ್ರ ಯಾರೂ ಎಣಿಸುತ್ತಿರಲಿಲ್ಲ. ಯಾಕೆ ಎಂದು ಕೇಳಿದರೆ ಮುದುಕಿಯರು, “ಎಣಿಸಿದರೆ ಕಡಿಮೆಯಾಗುತ್ತಾರೆ” ಎನ್ನುತ್ತಿದ್ದರು. ಅದು ನಿಜವೇ ಆಗಿತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಎಣಿಸದೆ ಅಡುಗೆ ಮಾಡುವುದು ಹೇಗೆ? ಅರಮನೆಯ ಅಡುಗೆಯವನು ಜವರಪ್ಪ. ಅವನ ಮನೆತನದವರು ಅದಕ್ಕೊಂದು ದಾರಿ ಕಂಡುಕೊಂಡಿದ್ದರು. ಪಂಕ್ತಿಯಲ್ಲಿ ಒಬ್ಬೊಬ್ಬರು ಬಂದು ಕುಳಿತ ಹಾಗೆ, ಎಲೆ ಹಾಕುವವಳು ಒಂದೊಂದು ಹುಣಸೆಬೀಜವನ್ನು ತೆಂಗಿನ ಕರಟದೊಳಗೆ ಹಾಕುತ್ತಿದ್ದಳು. ಮೊದಲು ಬಂದವರ ಬೀಜ ತಳದಲ್ಲಿ, ಕೊನೆಗೆ ಬಂದವರದು ಮೇಲೆ. ಎಲ್ಲರೂ ಕುಳಿತ ಮೇಲೆ ಇನ್ನೊಂದು ಕರಟವನ್ನು ಬೋರಲಾಗಿ ಅದರ ಮೇಲೆ ಮುಚ್ಚಿ ಅಡುಗೆಮನೆಗೆ ಕಳಿಸುತ್ತಿದ್ದಳು. ಅಲ್ಲಿ ಒಂದು ಬೀಜ ಪಕ್ಕಕ್ಕೆ ಸರಿಸಿದರೆ ಎರಡು ಕಡುಬು ಹರಿವಾಣಕ್ಕೆ ಬೀಳುತ್ತಿದ್ದವು. ಇನ್ನೊಂದು ಬೀಜ, ಇನ್ನೆರಡು ಕಡುಬು. ಬೀಜ ಮುಗಿದಾಗ ಕಡುಬು ಸರಿಯಾಗಿರುತ್ತಿತ್ತು. ಎಷ್ಟು ಜನ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ, ಯಾರೂ ಉಪವಾಸವೂ ಬೀಳುತ್ತಿರಲಿಲ್ಲ.

ಅಡುಗೆಮನೆಯ ಗೋಡೆಯ ಮೇಲೆ ಇದಕ್ಕೆ ಗುರುತುಗಳಿದ್ದವು. ಗೊತ್ತಿಲ್ಲದ ಆ ಸಂಖ್ಯೆಗೆ ಒಂದು ಬೋರಲು ಕರಟದ ಚಿತ್ರ. ಗೊತ್ತಿರುವ ಸಂಖ್ಯೆಗೆ ಅಷ್ಟೇ ನಿಂತ ಗೆರೆಗಳು. ಕೂಡಿಸಲು ಅಡ್ಡವೊಂದು ಉದ್ದವೊಂದು ಸೇರಿಸಿದ ಗುರುತು, ಕಳೆಯಲು ಅಡ್ಡಗೆರೆ ಒಂದೇ. “ತಲೆಗೆ ಎರಡು ಕಡುಬು, ಮೇಲೆ ದೇವರ ಪಾಲು ಐದು” ಎಂದು ಅರಮನೆಯಿಂದ ಮಾತು ಬಂದರೆ ಜವರಪ್ಪ ಇದ್ದಿಲು ತೆಗೆದುಕೊಂಡು ಎರಡು ಗೆರೆ, ಕರಟ, ಕೂಡಿಸುವ ಗುರುತು, ಐದು ಗೆರೆ ಎಳೆಯುತ್ತಿದ್ದ. ಮಾತು ಗೋಡೆ ಸೇರುತ್ತಿತ್ತು. ಗೋಡೆ ನೋಡಿ ಮತ್ತೊಬ್ಬರು ಮಾತು ಹೇಳಬಹುದಿತ್ತು.

ಜವರಪ್ಪನಿಗೆ ಒಬ್ಬಳೇ ಮಗಳು, ಸಣ್ಣೀರಿ. ಎಲೆ ಹಾಕುವವಳು ಜವರಪ್ಪನ ತಂಗಿ ದ್ಯಾವಮ್ಮ, ಅಂದರೆ ಸಣ್ಣೀರಿಗೆ ಸೋದರತ್ತೆ. ಇಬ್ಬರ ನಾಲಿಗೆಯೂ ಈಳಿಗೆ ಮಣೆಯೇ. ನಡುವೆ ಸಿಕ್ಕ ಜವರಪ್ಪ ತರಕಾರಿ.

ಆ ರಾಜ್ಯದ ಆಚೆಯ ಬೋಳುಗುಡ್ಡದಲ್ಲಿ ಗುಳುಂಗ ಎಂಬ ಮಾಂತ್ರಿಕನಿದ್ದ. ಅವನಿಗೆ ಹಸಿವೋ ಹಸಿವು. ಅನ್ನದ ಹಸಿವಲ್ಲ. ಅವನು ಮನುಷ್ಯರನ್ನೋ ಅವರ ಹೆಸರಿನ ಬೀಜವನ್ನೋ ಎಣಿಸಿದರೆ, ಎಣಿಕೆಗೆ ಸಿಕ್ಕವರೆಲ್ಲ ಅವನ ಹೊಟ್ಟೆ ಸೇರುತ್ತಿದ್ದರು. ಆದರೆ ಅವನಿಗೆ ಗುರು ಹಾಕಿದ ಒಂದು ಕಟ್ಟಿತ್ತು. ಉಣ್ಣಲು ಹೋದ ಮನೆಯವರೇ ಬಾಯಿಬಿಟ್ಟು “ಎಣಿಸು” ಎನ್ನಬೇಕು, ಇಲ್ಲವೇ ಅವರೇ ಎಣಿಸಿ “ಇಷ್ಟು ಜನ” ಎಂದು ಹೇಳಬೇಕು. ಅಂಬಲಿದುರ್ಗದಲ್ಲಿ ಆ ಎರಡೂ ನಡೆಯುತ್ತಿರಲಿಲ್ಲ. ಅದಕ್ಕೇ ಅವನು ಹಟ ಹಿಡಿದು ಪ್ರತಿ ಅಮಾವಾಸ್ಯೆಯ ಮಧ್ಯಾಹ್ನ ಅರಮನೆಯ ಪಂಕ್ತಿಗೆ ಬರುತ್ತಿದ್ದ. ಎಲ್ಲರೂ ಕುಳಿತಾದ ಮೇಲೆಯೇ, ಕೊನೆಯವನಾಗಿ. ತನಗಾಗಿ ಎಲ್ಲರೂ ಕಾಯಬೇಕು ಎಂಬುದು ಅವನ ಜಂಬ. ದ್ಯಾವಮ್ಮ ಗೊಣಗುತ್ತ ಅವನಿಗೂ ಒಂದು ಎಲೆ ಹಾಕಿ, ಅವನ ಹೆಸರಿಗೂ ಒಂದು ಬೀಜ ಹಾಕುತ್ತಿದ್ದಳು.

ಬಂದವನು ಸುಮ್ಮನೆ ಉಣ್ಣುತ್ತಿರಲಿಲ್ಲ. ಸುತ್ತುಬಳಸಿನ ಒಂದು ಮಾತು ಹೇಳಿ, ಅದರಂತೆ ಬಡಿಸಬೇಕು ಎನ್ನುತ್ತಿದ್ದ. ಒಂದು ಕಡುಬು ಹೆಚ್ಚಾದರೂ ಕಡಿಮೆಯಾದರೂ ಅಡುಗೆಯವನು ಕಲ್ಲಾಗುತ್ತಿದ್ದ. ಹೀಗೆ ಕಲ್ಲಾದವರು ಜವರಪ್ಪನಿಗಿಂತ ಮುಂಚೆಯೂ ಬೇಕಾದಷ್ಟು ಜನ. ಎಷ್ಟು ಎಂದು ಎಣಿಸಿರಲಿಲ್ಲ, ಅವರೂ ಮನುಷ್ಯರೇ ತಾನೆ. ಒಬ್ಬ ಬೀಸುವ ಕಲ್ಲಾದ, ಒಬ್ಬ ಒಲೆಗುಂಡಾದ, ಇನ್ನೊಬ್ಬ ಗುಂಡುಕಲ್ಲಾದ. ಅರಮನೆಯ ಅಡುಗೆಮನೆಯಲ್ಲಿ ಕಲ್ಲಿಗೆ ಬರವಿರಲಿಲ್ಲ.

ಆ ಅಮಾವಾಸ್ಯೆ ಗುಳುಂಗ ಮೂರು ಮುಂಗುಸಿಗಳನ್ನು ಕರೆತಂದ. ಅವು ಪಂಚೆ ಉಟ್ಟು, ಹಿಂಗಾಲಿನ ಮೇಲೆ ನಡೆದು ಬಂದು ಕುಳಿತವು.

“ಕುಳಿತವರ ಜೊತೆ ನನ್ನ ಮೂರು ಮುಂಗುಸಿ ಸೇರಲಿ. ಸೇರಿದ ಮೇಲೆ ತಲೆಗೆ ಎರಡೆರಡು ಕಡುಬು” ಎಂದ ಗುಳುಂಗ.

ಜವರಪ್ಪ ಇದ್ದಿಲು ತೆಗೆದುಕೊಂಡ. ಅವನ ಕೈಗೆ ಒಂದು ಅಭ್ಯಾಸ. ಕರಟ ಬಿಟ್ಟು ಬೇರೆ ಯಾವ ಸಂಖ್ಯೆ ಬಂದರೂ ಅದು ದೇವರ ಪಾಲಿನ ಹಾಗೆ ಕೊನೆಯಲ್ಲಿ, ಮೇಲಿನಿಂದ. ತಾತ ಹಾಗೇ ಬರೆದಿದ್ದ, ಅಪ್ಪ ಹಾಗೇ ಬರೆದಿದ್ದ. ಅವನೂ ಎರಡು ಗೆರೆ, ಕರಟ, ಕೂಡಿಸುವ ಗುರುತು, ಮೂರು ಗೆರೆ ಎಳೆದ.

“ಅಪ್ಪಯ್ಯ, ಇದು ಸರಿಯಾ?” ಎಂದಳು ಸಣ್ಣೀರಿ.

“ನಿನಗೆ ಹಲ್ಲು ಬರುವುದಕ್ಕೆ ಮುಂಚೆಯಿಂದ ಬರೀತಿದ್ದೀನಿ ಕಣವ್ವ, ಹಬೆ ನೋಡು ಹೋಗು” ಎಂದ ಜವರಪ್ಪ.

ಪಂಕ್ತಿಯಲ್ಲಿ ಎಲ್ಲರ ಎಲೆಗೂ ಎರಡೆರಡು ಕಡುಬು ಬಿತ್ತು. ಮುಂಗುಸಿಗಳ ಎಲೆಗೆ ಒಂದೊಂದೇ ಬಿತ್ತು. ಮುಂಗುಸಿಗಳು ಎಲೆ ನೋಡಿದವು, ಗುಳುಂಗನನ್ನು ನೋಡಿದವು. ಗುಳುಂಗ ಅಡುಗೆಮನೆಯ ಕಡೆ ನೋಡಿದ. ಜವರಪ್ಪ ಸೌಟು ಹಿಡಿದುಕೊಂಡೇ ಕುಸಿದು ಒರಳುಕಲ್ಲಾದ. ಸೌಟು ಪಕ್ಕದಲ್ಲಿ ಬಿತ್ತು.

ಮರುದಿನ ಕೆಲಸದವಳೊಬ್ಬಳು ತಿಳಿಯದೆ ಆ ಒರಳಲ್ಲಿ ಕೊತ್ತಂಬರಿ ಚಟ್ನಿ ರುಬ್ಬಿದಳು. ಉಪ್ಪು ಹಾಕದಿದ್ದರೂ ಚಟ್ನಿ ಉಪ್ಪಾಗಿತ್ತು. ಅಂದಿನಿಂದ ಸಣ್ಣೀರಿ ಆ ಒರಳಿಗೆ ಒಂದು ಪಂಚೆ ಹೊದಿಸಿ, ಯಾರೂ ಮುಟ್ಟದ ಹಾಗೆ ಅದರ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು.

ರಾಜ ಕೆಂಚರಸ ಹೊಸ ಅಡುಗೆಯವರನ್ನು ಹುಡುಕಿದ. ಯಾರೂ ಸಿಗಲಿಲ್ಲ. ಸಂಬಳ ಎಷ್ಟೇ ಕೊಟ್ಟರೂ ರುಬ್ಬುಗುಂಡಾಗಲು ಯಾರು ಬರುತ್ತಾರೆ?

“ಬುದ್ಧಿ, ನಾನು ಮಾಡ್ತೀನಿ” ಎಂದಳು ಸಣ್ಣೀರಿ.

“ನಿನ್ನ ಅಪ್ಪನಿಗೇ ಆಗಲಿಲ್ಲ, ಮಗಳೇ.”

“ಅಪ್ಪಯ್ಯ ತಪ್ಪಿದ್ದು ಎಲ್ಲಿ ಅಂತ ನೋಡ್ತಿದ್ದೀನಿ ಬುದ್ಧಿ. ಸಿಕ್ಕಿದ ಮೇಲೆ ಹೆದರಿಕೆ ಯಾಕೆ?”

ಸಣ್ಣೀರಿ ಗೋಡೆಯ ಮುಂದೆ ಕುಳಿತಳು. ಅಪ್ಪ ಬರೆದಿದ್ದು ಹಾಗೇ ಇತ್ತು. ಎಷ್ಟು ಜನ ಕುಳಿತಿದ್ದರೋ ಗೊತ್ತಿಲ್ಲ. ಆದರೂ ಕಡಿಮೆಯಾಗಿದ್ದು ಮೂರೇ ಕಡುಬು, ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ. ಮುಂಗುಸಿಗಳು ಮೊದಲು ಜನರ ಜೊತೆ ಸೇರಿದವು. ಎರಡೆರಡು ಎಂಬ ಮಾತು ಬಂದದ್ದು ಆಮೇಲೆ. ಅಂದಮೇಲೆ ಆ ಎರಡು ಎಲ್ಲರನ್ನೂ ಮುಟ್ಟಬೇಕಿತ್ತು. ಅಪ್ಪ ಮುಂಗುಸಿಯನ್ನು ದೇವರನ್ನಾಗಿ ಮಾಡಿ ಹೊರಗೆ ಕೂರಿಸಿದ.

“ಒಳಗಿನವರು ಯಾರು ಹೊರಗಿನವರು ಯಾರು ಅಂತ ಗೋಡೆಗೆ ಹೇಳೋದು ಹೇಗೆ, ಅತ್ತೆ?” ಎಂದಳು.

“ನನ್ನ ಕೇಳ್ತೀಯಲ್ಲೇ. ನನಗೆ ಗೊತ್ತಿರೋದು ಎಲೆ ಹಾಕೋದು, ನೀರು ಬಿಡೋದು, ಎಂಜಲು ತೆಗೆಯೋದು” ಎಂದಳು ದ್ಯಾವಮ್ಮ.

ನೀರು ಎಂದ ತಕ್ಷಣ ಸಣ್ಣೀರಿ ತಲೆ ಎತ್ತಿದಳು. ಉಣ್ಣುವ ಮೊದಲು ದೊಡ್ಡವರು ಅಂಗೈಯಲ್ಲಿ ನೀರು ತೆಗೆದುಕೊಂಡು ಎಲೆಯ ಸುತ್ತ ಒಂದು ಸುತ್ತು ಬಿಡುತ್ತಾರಲ್ಲ. ಆ ಗೆರೆಯ ಒಳಗೆ ಅನ್ನವಿರಲಿ, ಉಪ್ಪಿನಕಾಯಿ ಇರಲಿ, ಎಲ್ಲ ಸೇರಿ ಒಂದು ಊಟ. ಅದನ್ನು ದಾಟಿ ಇರುವೆಯೂ ಬರುವುದಿಲ್ಲ. ಅವಳು ಇದ್ದಿಲು ತೆಗೆದುಕೊಂಡು ಕರಟವನ್ನೂ ಮೂರು ಗೆರೆಯನ್ನೂ ಸೇರಿಸಿ ಸುತ್ತಲೂ ಒಂದು ಗೆರೆ ಎಳೆದಳು. ಎರಡು ಗೆರೆಯನ್ನು ಆ ಸುತ್ತಿನ ಹೊರಗಿಟ್ಟಳು. ಅದಕ್ಕೆ ನೀರುಗೆರೆ ಎಂದು ಹೆಸರಿಟ್ಟಳು. ಒಳಗಿನದೆಲ್ಲ ಮೊದಲು ಒಂದಾಗಬೇಕು, ಹೊರಗಿನದು ಆಮೇಲೆ ಅದನ್ನು ಮುಟ್ಟಬೇಕು. ಅಷ್ಟೇ.

ಹೌದು, ನಿನ್ನ ಪುಸ್ತಕದಲ್ಲಿ ಅದನ್ನೇ ಆವರಣ ಅನ್ನುತ್ತಾರೆ. ಬಾಯಿ ಮುಚ್ಚು.

ಮುಂದಿನ ಅಮಾವಾಸ್ಯೆ ಬಂತು. ಎಲ್ಲರೂ ಕುಳಿತ ಮೇಲೆ, ಕೊನೆಯವನಾಗಿ ಗುಳುಂಗ ಬಂದ. ಹಿಂದೆ ಐದು ಕಾಗೆಗಳು. ಅವಕ್ಕೆ ಮನುಷ್ಯರ ಹಲ್ಲುಗಳಿದ್ದವು.

“ಏನೇ ಹುಡುಗಿ, ನಿಮ್ಮಪ್ಪ ಚೆನ್ನಾಗಿ ರುಬ್ಬುತ್ತಿದ್ದಾನಾ?” ಎಂದ.

“ಮೊದಲು ಎಲೆ ಮುಂದೆ ಕೂತ್ಕೊಳ್ಳಿ. ಮಾತು ತಣ್ಣಗಾದ್ರೆ ಬಿಸಿ ಮಾಡಬಹುದು, ಕಡುಬು ತಣ್ಣಗಾದ್ರೆ ಆಗಲ್ಲ” ಎಂದಳು ಸಣ್ಣೀರಿ.

ಗುಳುಂಗನಿಗೆ ಇಂಥ ಉತ್ತರ ಕೇಳಿ ಅಭ್ಯಾಸವಿರಲಿಲ್ಲ. ಜಂಬಕ್ಕೆ ಪೆಟ್ಟು ಬಿದ್ದರೆ ಬಾಯಿ ಹೆಚ್ಚು ಆಡುತ್ತದೆ. “ಮೂರು ಅಮಾವಾಸ್ಯೆ ತಪ್ಪಿಲ್ಲದೆ ಬಡಿಸು ನೋಡೋಣ. ಬಡಿಸಿದರೆ ನೀನು ಹೇಳಿದ ಒಂದು ಕೆಲಸ ನಾನು ಮಾಡುತ್ತೇನೆ. ತಪ್ಪಿದರೆ ನಿನ್ನ ಅಪ್ಪನಿಗೆ ನೀನೇ ರುಬ್ಬುಗುಂಡು” ಎಂದ. ಮಾಂತ್ರಿಕ ಪಂಕ್ತಿಯಲ್ಲಿ ಕುಳಿತು ಆಡಿದ ಮಾತು ಅವನನ್ನೇ ಕಟ್ಟುತ್ತದೆ. ಅದೂ ಗುರುವಿನ ಕಟ್ಟೇ.

ಆಮೇಲೆ ಅಪ್ಪಣೆ ಹೇಳಿದ. “ಕುಳಿತವರ ಜೊತೆ ನನ್ನ ಐದು ಕಾಗೆ ಸೇರಲಿ. ಸೇರಿದ ಮೇಲೆ ತಲೆಗೆ ಮೂರು ಮೂರು ಕಡುಬು.”

ಸಣ್ಣೀರಿ ಗೋಡೆಯ ಮೇಲೆ ಕರಟ ಬರೆದಳು, ಕೂಡಿಸುವ ಗುರುತು ಹಾಕಿದಳು, ಐದು ಗೆರೆ ಎಳೆದಳು. ಅಷ್ಟನ್ನೂ ನೀರುಗೆರೆಯಿಂದ ಸುತ್ತಿದಳು. ಸುತ್ತಿನ ಹೊರಗೆ ಮೂರು ಗೆರೆ ಎಳೆದಳು. ಒಂದು ಬೀಜಕ್ಕೆ ಮೂರು ಕಡುಬು, ಒಂದು ಕಾಗೆಗೂ ಮೂರು ಕಡುಬು. ಕಾಗೆಗಳು ಎಲೆಯಿಂದ ಎಲೆಗೆ ಹಾರಿ ನೋಡಿದವು. ಒಂದೂ ಹೆಚ್ಚಿರಲಿಲ್ಲ, ಒಂದೂ ಕಡಿಮೆಯಿರಲಿಲ್ಲ. ಗುಳುಂಗ ಉಂಡು ಎದ್ದು ಹೋದ. ಸಣ್ಣೀರಿ ಒರಳಿಗೆ ಹೊದಿಸಿದ ಪಂಚೆ ಸರಿಸಿ, “ಒಂದು ಆಯಿತು ಅಪ್ಪಯ್ಯ” ಎಂದಳು.

ಎರಡನೆಯ ಅಮಾವಾಸ್ಯೆ ಗುಳುಂಗ ಒಂದು ಉಡವನ್ನು ಭುಜದ ಮೇಲೆ ಕೂರಿಸಿಕೊಂಡು ಬಂದ. ಈ ಸಲವೂ ಕೊನೆಯವನೇ. ಉಡಕ್ಕೆ ಎರಡು ನಾಲಿಗೆ. ಒಂದರಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಒಪ್ಪಿಸುತ್ತಿತ್ತು.

“ಮಾತನ್ನು ಗುರುತು ಮಾಡಿದೆ. ಗುರುತನ್ನು ಮಾತು ಮಾಡುತ್ತೀಯಾ?” ಎಂದು ಗುಳುಂಗ ಅಡುಗೆಮನೆಗೇ ನುಗ್ಗಿ, ಅವಳ ಇದ್ದಿಲಿನಿಂದಲೇ ಗೋಡೆಯ ಮೇಲೆ ಬರೆದ. ಎರಡು ಗೆರೆ, ಪಕ್ಕದಲ್ಲಿ ನೀರುಗೆರೆಯ ಸುತ್ತು, ಸುತ್ತಿನೊಳಗೆ ಕರಟ, ಅಡ್ಡಗೆರೆ, ಒಂದು ಗೆರೆ. ಸುತ್ತಿನ ಆಚೆ ಕೂಡಿಸುವ ಗುರುತು, ಐದು ಗೆರೆ. “ಇದನ್ನು ನೋಡದೆ ಇರುವವರು ಹರಿವಾಣ ತುಂಬಬೇಕು. ನೀನು ಬಾಯಲ್ಲಿ ಹೇಳಬೇಕು, ಕೈಸನ್ನೆ ಕೂಡದು” ಎಂದ. ಉಡ ಗೋಡೆಯ ಮೇಲೆ ಹತ್ತಿ ಕುಳಿತಿತು.

ದ್ಯಾವಮ್ಮನನ್ನು ಬಾಗಿಲ ಹಿಂದೆ ಕೂರಿಸಿದರು. ಅವಳ ಮುಂದೆ ಬೀಜದ ಕರಟ, ಕಡುಬಿನ ಪಾತ್ರೆ, ಹರಿವಾಣ.

ಸಣ್ಣೀರಿ ಗೋಡೆ ನೋಡಿದಳು. ಎಡದಿಂದ ಬಲಕ್ಕೆ ಓದಿಕೊಂಡು ಹೋದರೆ ‘ಎರಡು, ಕರಟ, ಕಳೆ ಒಂದು, ಕೂಡು ಐದು’. ಹಾಗೆ ಹೇಳಿದರೆ ಅತ್ತೆ ಬೀಜಕ್ಕೆ ಎರಡರಂತೆ ಎಲ್ಲ ಹಾಕಿ, ಆಮೇಲೆ ಒಂದು ಕಡುಬು ತೆಗೆಯುತ್ತಾಳೆ. ಅದು ತಪ್ಪು. ಕಣ್ಣು ಮೊದಲು ನೋಡಿದ್ದನ್ನು ಬಾಯಿ ಮೊದಲು ಹೇಳಬಾರದು. ನೀರುಗೆರೆಯ ಒಳಗಿನದನ್ನು ಮೊದಲು ಹೇಳಬೇಕು.

“ಅತ್ತೆ, ಕರಟದ ಮೇಲಿನ ಒಂದು ಬೀಜ ತೆಗೆದು ಆಚೆ ಇಡು.”

“ಯಾಕೇ? ಅದು ಯಾರದೋ ಹೊಟ್ಟೆ ಕಣೇ. ಆ ಒಬ್ಬರು ಉಪವಾಸಾನಾ?”

“ಉಪವಾಸ. ನಡುವೆ ಮಾತಾಡಬೇಡ. ಉಳಿದ ಒಂದೊಂದು ಬೀಜಕ್ಕೂ ಎರಡೆರಡು ಕಡುಬು ಹಾಕು.”

“ಹಾಕಿದೆ. ಬೀಜ ಮುಗೀತು.”

“ಈಗ ಮೇಲೆ ಐದು ಕಡುಬು, ದೇವರಿಗೆ ಇಟ್ಟ ಹಾಗೆ.”

“ಇಟ್ಟೆ. ಇಷ್ಟು ಹೇಳೋದಕ್ಕೆ ನನ್ನ ಬಾಗಿಲ ಹಿಂದೆ ಕೂರಿಸಬೇಕಿತ್ತಾ?”

ಉಡ ಹರಿವಾಣವನ್ನು ಮೂಸಿ ಎರಡು ನಾಲಿಗೆಯಲ್ಲೂ “ಸರಿ, ಸರಿ” ಎಂದಿತು. ಕಡುಬು ಪಂಕ್ತಿಗೆ ಬಂತು. ಎಲ್ಲರಿಗೂ ಎರಡೆರಡು ಬಿತ್ತು, ದೇವರ ಎಲೆಗೆ ಐದು ಹೋಯಿತು. ಒಂದು ಎಲೆ ಮಾತ್ರ ಖಾಲಿ ಉಳಿಯಿತು. ಕರಟದ ಮೇಲಿದ್ದ ಬೀಜ ಕೊನೆಗೆ ಬಂದವನದು. ಕೊನೆಗೆ ಬಂದವನು ಗುಳುಂಗ.

ಪಂಕ್ತಿಯಲ್ಲಿ ಯಾರೋ ಕಿಸಕ್ಕೆಂದರು. ಗುಳುಂಗನೇ ಬರೆದ ಗುರುತು, ತಪ್ಪು ಎನ್ನುವ ಹಾಗಿಲ್ಲ. ಅವನು ಖಾಲಿ ಎಲೆಯನ್ನೇ ಮಡಿಸಿ ಎದ್ದು ಹೋದ. ಸಣ್ಣೀರಿ ಆಚೆ ಇಟ್ಟಿದ್ದ ಆ ಒಂದು ಬೀಜವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿದಳು. ಆಮೇಲೆ ಒರಳಿನ ಹತ್ತಿರ ಹೋಗಿ, “ಎರಡು ಆಯಿತು ಅಪ್ಪಯ್ಯ. ಇನ್ನೊಂದು ವಿಷಯ ಸಿಕ್ಕಿದೆ. ಆಮೇಲೆ ಹೇಳ್ತೀನಿ” ಎಂದಳು.

ಮೂರನೆಯ ಅಮಾವಾಸ್ಯೆ ಗುಳುಂಗ ಯಾವ ಪ್ರಾಣಿಯನ್ನೂ ತರಲಿಲ್ಲ. ತಿಂಗಳಿಡೀ ಯೋಚಿಸಿ, ಹಸಿದು, ಕೆನ್ನೆ ಒಳಗೆ ಹೋಗಿತ್ತು. ಎಲ್ಲರೂ ಕುಳಿತ ಮೇಲೆ ಬಂದು ಕುಳಿತ. ದ್ಯಾವಮ್ಮ ಅವನ ಬೀಜ ಹಾಕಿ ಕರಟ ಮುಚ್ಚಿದಳು.

“ಇವತ್ತು ನನ್ನ ಎಲೆಗೆ ಮಾತ್ರ ಬಡಿಸು” ಎಂದ ಗುಳುಂಗ. “ಕುಳಿತವರ ಸಂಖ್ಯೆಗೆ ಮೂರು ಸೇರಿಸು. ಬಂದದ್ದನ್ನು ಎರಡರಷ್ಟು ಮಾಡು. ಅದರಿಂದ ನಾಲ್ಕು ಕಳೆ. ಉಳಿದದ್ದನ್ನು ಅರ್ಧ ಮಾಡು. ಆ ಅರ್ಧದಿಂದ ಕುಳಿತವರ ಸಂಖ್ಯೆಯನ್ನು ಕಳೆ. ಉಳಿದಷ್ಟು ಕಡುಬು ನನಗೆ. ಬಡಿಸುವ ಮೊದಲು ಎಷ್ಟು ಎಂದು ಬಾಯಿಬಿಟ್ಟು ಹೇಳು. ಕರಟ ಗಿರಟ ಎನ್ನಬಾರದು, ಸಂಖ್ಯೆ ಹೇಳಬೇಕು.”

ಸಂಖ್ಯೆ ಹೇಳಬೇಕಾದರೆ ಕುಳಿತವರನ್ನು ಎಣಿಸಲೇಬೇಕು. ಎಣಿಸಿದರೆ ಎಲ್ಲರೂ ಅವನ ಹೊಟ್ಟೆಗೆ. ಎಣಿಸದಿದ್ದರೆ ಸಣ್ಣೀರಿ ರುಬ್ಬುಗುಂಡು. ರಾಜ ಕೆಂಚರಸ ಮೊದಲ ಸಲ ಎಲೆಯಿಂದ ಕಣ್ಣೆತ್ತಿದ.

“ಎಣಿಸಬೇಡ ಕಣೇ, ಸಣ್ಣೀ” ಎಂದಳು ದ್ಯಾವಮ್ಮ. ಅವಳ ಧ್ವನಿಯಲ್ಲಿ ಆ ದಿನ ಹರಿತವಿರಲಿಲ್ಲ.

“ಎಣಿಸೋದು ಯಾರು ಅತ್ತೆ? ಒದ್ದೆ ಬಟ್ಟೆ ಕೊಡು.”

ಸಣ್ಣೀರಿ ಗೋಡೆಯ ಮೇಲೆ ಒಂದು ಕರಟ, ಮೂರು ಗೆರೆ ಬರೆದು ನೀರುಗೆರೆ ಸುತ್ತಿದಳು. ಎರಡರಷ್ಟು ಮಾಡಬೇಕು. ಸುತ್ತಿನೊಳಗಿನದೆಲ್ಲ ಎರಡೆರಡಾಯಿತು. ಎರಡು ಕರಟ, ಆರು ಗೆರೆ. ನಾಲ್ಕು ಕಳೆಯಬೇಕು. ಒದ್ದೆ ಬಟ್ಟೆಯಿಂದ ನಾಲ್ಕು ಗೆರೆ ಒರೆಸಿದಳು. ಎರಡು ಕರಟ, ಎರಡು ಗೆರೆ ಉಳಿಯಿತು. ಅರ್ಧ ಮಾಡಬೇಕು. ಒಂದು ಕರಟ ಒರೆಸಿದಳು, ಒಂದು ಗೆರೆ ಒರೆಸಿದಳು. ಒಂದು ಕರಟ, ಒಂದು ಗೆರೆ ಉಳಿಯಿತು. ಕುಳಿತವರ ಸಂಖ್ಯೆಯನ್ನು ಕಳೆಯಬೇಕು. ಕುಳಿತವರ ಸಂಖ್ಯೆ ಎಂದರೆ ಆ ಕರಟವೇ. ಅದರ ಕೆಳಗೆ ಎಷ್ಟಿದ್ದರೂ ಅಷ್ಟೂ ಹೋಗಬೇಕು. ಒರೆಸಿಬಿಟ್ಟಳು.

ಗೋಡೆಯ ಮೇಲೆ ಒಂದೇ ಗೆರೆ ನಿಂತಿತ್ತು.

“ಒಂದು” ಎಂದಳು ಸಣ್ಣೀರಿ. ಒಂದು ಕಡುಬು ತಂದು ಗುಳುಂಗನ ಎಲೆಗೆ ಹಾಕಿದಳು.

ಗುಳುಂಗ ಕಡುಬನ್ನು ನೋಡಿದ, ಗೋಡೆಯನ್ನು ನೋಡಿದ. ಅವನಿಗೆ ಮಾತು ಬರುತ್ತಿತ್ತು, ಗುರುತು ಬರುತ್ತಿತ್ತು. ಸಂಖ್ಯೆ ಗೊತ್ತಿಲ್ಲದೆಯೂ ಲೆ‌ಕ್ಕ ಮುಗಿಸಬಹುದು ಎಂಬುದು ಮಾತ್ರ ಅವನಿಗೆ ಹೊಳೆದಿರಲಿಲ್ಲ. ಎಣಿಸುವುದೇ ಲೆಕ್ಕ ಎಂದುಕೊಂಡವನು ಅವನು. ಕಡುಬಿಗೆ ಕೈ ಹಾಕದೆ, “ನಿನ್ನ ಕೆಲಸ ಯಾವುದು, ಹೇಳು” ಎಂದ.

“ಅಪ್ಪನನ್ನು ಕೇಳಿಕೋ ಮಗಳೇ” ಎಂದ ರಾಜ. “ಕೇಳೇ, ಬೇಗ ಕೇಳು” ಎಂದಳು ದ್ಯಾವಮ್ಮ.

ಸಣ್ಣೀರಿ ಒರಳಿನ ಕಡೆ ನೋಡಿದಳು. ಅಪ್ಪನನ್ನು ಕೇಳಿದರೆ ಅಪ್ಪ ಬರುತ್ತಾನೆ. ಬೀಸುವ ಕಲ್ಲು ಬೀಸುವ ಕಲ್ಲಾಗಿಯೇ ಇರುತ್ತದೆ. ಮುಂದಿನ ಅಮಾವಾಸ್ಯೆ ಇವನು ಮತ್ತೆ ಬರುತ್ತಾನೆ, ಅಪ್ಪ ಮತ್ತೆ ಇದ್ದಿಲು ಹಿಡಿಯುತ್ತಾನೆ, ಅಭ್ಯಾಸದ ಕೈ ಮತ್ತೆ ಮೂರು ಗೆರೆಯನ್ನು ಹೊರಗೇ ಹಾಕುತ್ತದೆ.

ಅವಳು ಮುಚ್ಚಿದ ಕರಟವನ್ನು ಅಡುಗೆಮನೆಯಿಂದ ತಂದು, ಅಲುಗಾಡಿಸದೆ ಗುಳುಂಗನ ಎಲೆಯ ಮುಂದಿಟ್ಟಳು. ಮೇಲಿನ ಕರಟ ತೆಗೆದಳು. “ಎಣಿಸಿ” ಎಂದಳು.

ದ್ಯಾವಮ್ಮ ತಲೆಯ ಮೇಲೆ ಕೈ ಹೊತ್ತು ಕುಳಿತಳು. “ಅಯ್ಯೋ ಮನೆಹಾಳಿ! ಅಪ್ಪ ಕಲ್ಲಾದ ಸಿಟ್ಟಿಗೆ ಇವನಿಗೆ ಊರನ್ನೇ ಬಡಿಸಿಬಿಟ್ಟೆಯಲ್ಲೇ!” ಪಂಕ್ತಿಯಲ್ಲಿ ಯಾರೂ ಏಳಲಿಲ್ಲ.

ಗುಳುಂಗನ ಬಾಯಲ್ಲಿ ನೀರು ಬಂತು. ಎಷ್ಟೋ ವರ್ಷ ಕಾದ ಮಾತು ಅದು. ಅವನು ಕರಟವನ್ನು ಬೋರಲು ಹಾಕಲು ಕೈ ಚಾಚಿದ.

“ಉರುಳಿಸಬೇಡಿ, ಬೀಜ ಚೆಲ್ಲಾಪಿಲ್ಲಿಯಾಗಿ ಎಲೆ ಕೆಳಗೆ ಸೇರಿದ್ರೆ ನನ್ನ ಕೇಳಬೇಡಿ” ಎಂದಳು ಸಣ್ಣೀರಿ. “ಮೇಲಿಂದ ಒಂದೊಂದೇ ತೆಗೀರಿ.”

ಅದು ಅವನಿಗೂ ಸರಿಯೆನಿಸಿತು. ಒಬ್ಬರೂ ತಪ್ಪಬಾರದಲ್ಲ. ಮೇಲಿನ ಬೀಜವನ್ನು ಎರಡು ಬೆರಳಲ್ಲಿ ಎತ್ತಿ, ಎಲ್ಲರಿಗೂ ಕೇಳುವ ಹಾಗೆ, “ಒಂದು!” ಎಂದ. ಅದು ಕೊನೆಗೆ ಬಂದವನ ಬೀಜ.

ಅವನ ಬಾಯಿ ಅಗಲವಾಗಿ ತೆರೆಯಿತು. ಬೀಜ ಹಿಡಿದ ಬೆರಳು ಒಳಗೆ ಹೋಯಿತು. ಆಮೇಲೆ ಮೊಣಕೈ ಹೋಯಿತು, ಭುಜ ಹೋಯಿತು. ಕಾಲು ಎರಡೂ ಮಡಚಿಕೊಂಡು ಹೋದವು. ಕೊನೆಗೆ ಎಲೆಯ ಮುಂದೆ ಒಂದು ಬಾಯಿ ಮಾತ್ರ ಉಳಿದಿತ್ತು. ಅದೂ ತನ್ನನ್ನು ತಾನು ನುಂಗಿಕೊಂಡು ‘ಗುಳುಂ’ ಎಂದು ಮುಗಿಯಿತು. ಎಲೆಯ ಮೇಲೆ ಕಡುಬು ಬಿಸಿಯಾಗಿಯೇ ಇತ್ತು.

ಆಗ ಅಡುಗೆಮನೆಯಲ್ಲಿ ಸದ್ದಾಯಿತು. ಬೀಸುವ ಕಲ್ಲು ಮೈ ಮುರಿದು ಎದ್ದಿತು, ಅದು ದೊಡ್ಡ ಮೀಸೆಯ ಅಡುಗೆಯವನಾಗಿತ್ತು. ಒಲೆಗುಂಡು ಎದ್ದು ಬೆನ್ನಿನ ಮಸಿ ಕೊಡವಿತು. ಗುಂಡುಕಲ್ಲು ಉರುಳಿ ಬಂದು ಮನುಷ್ಯನಾಗಿ ನಿಂತಿತು. ಬರೀ ಕಲ್ಲಾಗಿದ್ದವು ಕಲ್ಲಾಗಿಯೇ ಉಳಿದವು. ಒರಳಿನ ಮೇಲಿನ ಪಂಚೆ ಅಲುಗಾಡಿತು. ಅದನ್ನೇ ಹೊದ್ದುಕೊಂಡು ಜವರಪ್ಪ ಹೊರಗೆ ಬಂದ.

“ಯಾವಳೋ ನನ್ನ ತಲೆಯಲ್ಲಿ ಕೊತ್ತಂಬರಿ ಚಟ್ನಿ ರುಬ್ಬಿದ್ಳು” ಎಂದ.

“ಉಪ್ಪು ಹಾಕೋದು ಮರೆತಿದ್ಳು ಅಪ್ಪಯ್ಯ” ಎಂದಳು ಸಣ್ಣೀರಿ.

“ಗೊತ್ತು ಕಣವ್ವ. ಅದಕ್ಕೇ ನಾನೇ ಹಾಕಿದೆ.”

ದ್ಯಾವಮ್ಮ ಅಣ್ಣನ ಬೆನ್ನಿಗೆ ಒಂದು ಗುದ್ದು ಕೊಟ್ಟು ಅತ್ತಳು. ಸಣ್ಣೀರಿ ಅಪ್ಪನನ್ನು ಗೋಡೆಯ ಹತ್ತಿರ ಕರೆದೊಯ್ದು, ಇದ್ದಿಲು ಕೈಗೆ ಕೊಟ್ಟು, ನೀರುಗೆರೆ ಎಳೆಯುವುದನ್ನು ಕಲಿಸಿದಳು. ಅವನ ಕೈ ಎರಡು ಸಲ ತಪ್ಪಿತು, ಮೂರನೆಯ ಸಲ ಸರಿಯಾಗಿ ಸುತ್ತಿತು. ಗುಳುಂಗನ ಎಲೆಯಲ್ಲಿದ್ದ ಆ ಒಂದು ಕಡುಬನ್ನು ಅಪ್ಪ ಮಗಳು ಅರ್ಧರ್ಧ ತಿಂದರು. ಎದ್ದು ಬಂದವರಿಗೆಲ್ಲ ದ್ಯಾವಮ್ಮ ಎಲೆ ಹಾಕಿದಳು, ಒಂದೊಂದು ಬೀಜವನ್ನೂ ಹಾಕಿದಳು. ಆಮೇಲೆ ಅಂಬಲಿದುರ್ಗದಲ್ಲಿ ಯಾವ ಎಲೆಯೂ ಬರಿದಾಗಿ ಉಳಿಯಲಿಲ್ಲ, ಯಾವ ಅಮಾವಾಸ್ಯೆಗೂ ಯಾರೂ ಹೆದರಲಿಲ್ಲ. ಅವರು ಉಂಡು ತೇಗಿದರು, ನನಗೆ ಪಾತ್ರೆ ತೊಳೆಯುವುದು ಬಿದ್ದಿದೆ.

ಮುಗಿಯಿತು. ಪೆನ್ಸಿಲ್ ತೆಗೆದುಕೋ.

“ಅಮ್ಮ, ಗುಳುಂಗ ಹೋದ ಮೇಲೆ ಕರಟದಲ್ಲಿ ಎಷ್ಟು ಬೀಜ ಉಳೀತು?”

ಮೊದಲು ಇದ್ದದ್ದಕ್ಕಿಂತ ಒಂದು ಕಡಿಮೆ.

“ಅದೇ, ಎಷ್ಟು?”

ಕರಟ, ಅಡ್ಡಗೆರೆ, ಒಂದು. ಅಷ್ಟೇ ಉತ್ತರ. ನಿಮ್ಮ ಟೀಚರಿಗೆ ಕರಟ ಬೇಡವಾದರೆ ಎಕ್ಸ್ ಅಂತ ಬರಿ, ಕೆಳಗಿರುವ ಬೀಜಕ್ಕೇನೂ ಬೇಜಾರಿಲ್ಲ. ಬರೆದೆಯಾ? ಆ ಮೊದಲಿನದನ್ನೂ ಬರಿ. ನೀರುಗೆರೆ ಮರೆಯಬೇಡ. ಹಾಂ, ಹಾಗೆ. ಈಗ ನಾನು ಹಾಲು ನೋಡಲೇ?

“ಅಮ್ಮ, ಇನ್ನೊಂದೇ ಒಂದು.”

ಕೇಳಿಬಿಡು. ಈ ಕತೆಯಲ್ಲಿ ನನಗೆ ಗೊತ್ತಿಲ್ಲದ್ದು ಏನೂ ಇಲ್ಲ.

“ಕಲ್ಲಾದವರನ್ನ ಯಾರೂ ಎಣಿಸಿರಲಿಲ್ಲ ಅಂದೆಯಲ್ಲ. ಹಾಗಾದ್ರೆ ಕೊನೆಗೆ ಉಳಿದ ಕಲ್ಲುಗಳು ಬರೀ ಕಲ್ಲೇ ಅಂತ ಅವರಿಗೆ ಹೇಗೆ ಗೊತ್ತಾಯ್ತು?”